ಮೌನದ ಗಡುವು

ಸಂಜೆ ಐದರೊಳಗೆ ಯಾರೂ ಬೇಡ ಎನ್ನದಿದ್ದರೆ ಅವಳು ನಾಯಕಿ. ಬಚ್ಚಲಮನೆಯ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಫೋನಿಗೆ ಬಂದ ಸುತ್ತೋಲೆಯ ಸಾರ ಇಷ್ಟೇ. ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಸಮಾವೇಶಕ್ಕೆ ಹೋಗುವ ರಾಜತಾಂತ್ರಿಕ ಅಧ್ಯಯನ ವಿಭಾಗದ ನಿಯೋಗಕ್ಕೆ ಅವಳನ್ನು ನಾಯಕಿಯೆಂದು ಸೂಚಿಸಲಾಗಿದೆ. ಇಂದು ಐದು ಗಂಟೆಯೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ಎಲ್ಲರ ಸಮ್ಮತಿ ಇದೆಯೆಂದು ತಿಳಿಯಲಾಗುವುದು. ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ನಿಜವಾದ ದೇಶಗಳು ನಿಜವಾದ ಸಭೆಗಳಲ್ಲಿ ಎಷ್ಟೋ ಸಲ ಹೀಗೇ ಮಾಡುತ್ತವೆ ಎಂದು ಮೊದಲ ವರ್ಷವೇ ಕಲಿಸಿದ್ದರು ಅವರ ಮೇಷ್ಟ್ರು. ಮೂವತ್ತು ವರ್ಷ ದೂತಾವಾಸಗಳಲ್ಲಿ ದುಡಿದು ನಿವೃತ್ತರಾಗಿ ಪಾಠಕ್ಕೆ ಬಂದವರು ಅವರು. ಕ್ಲಾಸಿಗೆಲ್ಲ ಅವರು ರಾಯಭಾರಿಗಳು. ‘ದೇಶಗಳು ಬಾಯಿಬಿಟ್ಟು ಹೂಂ ಅನ್ನಲ್ಲ ಕಣ್ರೀ. ಒಂದು ಗಡುವು ಕೊಡಿ, ಸುಮ್ಮನಿರ್ತವೆ. ಆ ಸುಮ್ಮನಿರೋದೇ ಹೂಂ’ ಎಂದು ಅವರು ಹೇಳಿದ ದಿನ ಅವಳು ಅದನ್ನು ಖುಷಿಯಿಂದ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು. ಈಗ ಸುತ್ತೋಲೆ ಯಾರ್ಯಾರಿಗೆ ಹೋಗಿದೆ ಎಂದು ಬೆರಳಿನಿಂದ ಸರಿಸುತ್ತ ನೋಡಿದಳು. ಇಪ್ಪತ್ಮೂರು ವಿಳಾಸ. ಹತ್ತೊಂಬತ್ತನೆಯದು ಕ್ಲಾಸಿನವರೆಲ್ಲ ಅಡಿಟಿಪ್ಪಣಿ ಎಂದು ಕರೆಯುತ್ತಿದ್ದ ಹುಡುಗನದು. ವಿಭಾಗ ಬಿಟ್ಟು ತಿಂಗಳುಗಳೇ ಆದವನ ವಿಳಾಸವನ್ನು ಪಟ್ಟಿಯಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಬಾಯಲ್ಲಿದ್ದ ನೊರೆ ಫೋನಿನ ಮೇಲೆ ಬಿತ್ತು, ತೋಳಿನಿಂದ ಒರೆಸಿದಳು.

ಅಡಿಟಿಪ್ಪಣಿ ಎಂದು ಅವನಿಗೆ ಹೆಸರಿಟ್ಟವಳೂ ಅವಳೇ. ಯಾರು ಏನು ಹೇಳಿದರೂ ಎರಡು ಸಲ ಗಂಟಲು ಸರಿಮಾಡಿಕೊಂಡು, ‘ಇಲ್ಲೊಂದು ಸಣ್ಣ ಟಿಪ್ಪಣಿ’ ಎಂದು ಯಾವುದೋ ಒಪ್ಪಂದದ ಯಾವುದೋ ಕಲಮಿನ ಸಂಖ್ಯೆ ಹೇಳುವವನು. ಸಂಖ್ಯೆ ಯಾವಾಗಲೂ ಸರಿಯಿರುತ್ತಿತ್ತು, ಅದೇ ಎಲ್ಲರಿಗೂ ಕಿರಿಕಿರಿ. ಅವಳು ಅಡುಗೆಮನೆಗೆ ಬಂದಾಗ ಅಮ್ಮ ಎಂದಿನಂತೆ ಆರು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದಳು. ಅಮ್ಮ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಜನ ಆಡಿದ ಮಾತನ್ನೆಲ್ಲ ಹಗಲಿಡೀ ಬರೆದು ಬಂದು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವ ಹೆಂಗಸು. ಅದಕ್ಕೆ ಸರಿಯಾಗಿ ಅಜ್ಜಿ ಇಬ್ಬರ ಪಾಲಿನದನ್ನೂ ಮಾತಾಡುತ್ತಿದ್ದಳು.

‘ಏನೇ, ಮುಖ ಯಾಕೆ ಹಿಂಗಾಗಿದೆ? ಯಾವ ದೇಶ ಯಾವ ದೇಶದ ಮೇಲೆ ಬಿತ್ತು?’ ಎಂದಳು ಅಜ್ಜಿ.

‘ಏನಿಲ್ಲಜ್ಜಿ. ನನ್ನ ಲೀಡರ್ ಮಾಡ್ತಾರಂತೆ.’

‘ಜಗಳ ಬಿಡಿಸೋದಕ್ಕೂ ಒಂದು ಡಿಗ್ರಿ! ನನ್ನ ಕಾಲದಲ್ಲಿ ಇದ್ದಿದ್ರೆ ಚಿನ್ನದ ಪದಕ ನಂಗೇ ಬರ್ತಿತ್ತು. ಐದು ಜನ ಓರಗಿತ್ತೀರ ಜೊತೆ ಒಂದೇ ಅಡುಗೆಮನೇಲಿ ಹನ್ನೆರಡು ವರ್ಷ ಕಳ್ದಿದೀನಿ, ಒಂದು ಲೋಟ ಒಡೀಲಿಲ್ಲ.’

‘ಎಲ್ರೂ ಒಪ್ಪಿದ್ರಾ?’ ಎಂದು ಅಮ್ಮ ಪೆನ್ಸಿಲಿನ ಮೊನೆ ನೋಡುತ್ತಲೇ ಕೇಳಿದಳು.

‘ಐದು ಗಂಟೆ ತನಕ ಯಾರೂ ಮಾತಾಡ್ದೇ ಇದ್ರೆ ಒಪ್ಪಿಗೆ ಅಂತ.’

‘ಇದ್ಯಾವ ಸೀಮೆ ನ್ಯಾಯ. ನಮ್ಮಲ್ಲಿ ಸಾಕ್ಷಿ ಬಾಯಿ ಬಿಡ್ಲಿಲ್ಲ ಅಂದ್ರೆ, ಸಾಕ್ಷಿ ಉತ್ತರಿಸಲಿಲ್ಲ ಅಂತ ಬರೀಬೇಕು. ಹೂಂ ಅಂದ ಅಂತ ಬರೆದ್ರೆ ನನ್ನ ಕೆಲಸ ಹೋಗತ್ತೆ.’ ಅಮ್ಮ ಪೆನ್ಸಿಲ್‌ಗಳನ್ನು ಡಬ್ಬಿಗೆ ಹಾಕಿ ಎದ್ದಳು. ಇವಳು ತಟ್ಟೆಯ ಮುಂದೆ ಕೂತು, ತಿನ್ನದೆ, ಆ ಡಬ್ಬಿ ಮುಚ್ಚಿಕೊಂಡ ಸದ್ದು ಕೇಳಿದಳು. ಎಂಟು ತಿಂಗಳಿಂದ ಅಮ್ಮನಿಗೆ ಹೇಳಬೇಕೆಂದುಕೊಂಡು ಹೇಳದೆ ಇದ್ದದ್ದನ್ನು ಆ ಬೆಳಿಗ್ಗೆಯೂ ಹೇಳಲಿಲ್ಲ.

ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಹಿಂದೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ತಿರುಗಲಿಲ್ಲ. ಮೊದಮೊದಲು ತಿರುಗುತ್ತಿದ್ದಳು, ಯಾರೋ ಮುದುಕ, ಯಾರೋ ದಪ್ಪ ಹೆಂಗಸು, ಒಂದು ಸಲವಂತೂ ಯಾರೂ ಇರಲಿಲ್ಲ, ಸ್ನಾನದ ಕೊಳಾಯಿ. ಅವನೇನು ಸತ್ತಿಲ್ಲ. ಸತ್ತವರು ಕಾಡುವುದಕ್ಕೆ ಒಂದು ನ್ಯಾಯವಿದೆ, ಬದುಕಿರುವವನು, ಅದೂ ಇದೇ ಊರಿನಲ್ಲಿ ಎಂಟು ನಿಲ್ದಾಣ ಆಚೆ ಕೆಲಸ ಮಾಡಿಕೊಂಡು ಇರುವವನು ಕೊಳಾಯಿಯೊಳಗೆ ಬಂದು ಕೆಮ್ಮುವುದೆಂದರೇನು ಎಂದು ತನ್ನ ಮೇಲೆ ತಾನೇ ಸಿಡುಕಿಕೊಂಡಳು. ನಾಲ್ಕು ಗಂಟೆಯದು ಇನ್ನೂ ಕೆಟ್ಟದ್ದು. ಗಡಿಯಾರ ನೋಡಬೇಕಾಗಿಯೇ ಇರಲಿಲ್ಲ. ಎಲ್ಲಿದ್ದರೂ, ಓದುತ್ತಿದ್ದರೂ ನಗುತ್ತಿದ್ದರೂ, ಮೂರೂ ಮುಕ್ಕಾಲು ದಾಟಿ ನಾಲ್ಕು ಹೊಡೆಯುತ್ತಿದ್ದಂತೆ ಬಾಯಿಯೆಲ್ಲ ಕಹಿಯಾಗುತ್ತಿತ್ತು. ವೈದ್ಯರು ಆಮ್ಲಪಿತ್ತ ಎಂದು ಗುಳಿಗೆ ಕೊಟ್ಟಿದ್ದರು. ಅವಳು ನಂಬಿಕೆಯಿಲ್ಲದಿದ್ದರೂ ತಪ್ಪದೆ ನುಂಗುತ್ತಿದ್ದಳು.

ನಡೆದದ್ದು ದೊಡ್ಡದೇನಲ್ಲ, ಹಾಗೆ ನೋಡಿದರೆ. ಹತ್ತು ವಾರದ ಅಣಕು ಸಂಧಾನ. ಎರಡು ಕಲ್ಪಿತ ದೇಶ, ನಡುವೆ ಒಂದು ಕಲ್ಪಿತ ನದಿ. ಅವಳೂ ಅಡಿಟಿಪ್ಪಣಿಯೂ ಕೆಳದಂಡೆಯ ದೇಶದವರು. ಪ್ರತಿ ದೇಶಕ್ಕೂ ಒಂದು ಗುಪ್ತ ಸೂಚನಾಪತ್ರ ಕೊಡುತ್ತಿದ್ದರು, ಎಷ್ಟು ನೀರು ಕೇಳಬೇಕು, ಕೊನೆಗೆ ಎಷ್ಟಕ್ಕೆ ಒಪ್ಪಬಹುದು ಎಂದು. ಎದುರಿನವರ ಕಣ್ಣಿಗೆ ಅದು ಬಿದ್ದರೆ ಆಟ ಮುಗಿದಂತೆ. ಎರಡೇ ಪ್ರತಿ, ಅವನದೊಂದು ಅವಳದೊಂದು. ಅವಳಿಗೆ ಬಣ್ಣದ ಗೆರೆ ಎಳೆದು ಓದುವ ಚಟ, ಮೂಲಪ್ರತಿ ಹಾಳಾಗಬಾರದೆಂದು ಗ್ರಂಥಾಲಯದ ಮೊಗಸಾಲೆಯ ಜೆರಾಕ್ಸ್ ಯಂತ್ರದಲ್ಲಿ ನೆರಳಚ್ಚು ತೆಗೆದಳು. ನೆರಳಚ್ಚು ತೆಗೆದುಕೊಂಡು ಹೊರಟಳು. ಮೂಲ ಯಂತ್ರದ ಮುಚ್ಚಳದ ಕೆಳಗೆ ಉಳಿಯಿತು. ಅಷ್ಟೊಂದು ಜೋಪಾನ ಮಾಡಲು ಹೋದವಳು ಮಾತ್ರ ಮಾಡಬಲ್ಲ ತಪ್ಪು. ಮಾರನೆಯ ಬೆಳಿಗ್ಗೆ ಮೇಲ್ದಂಡೆಯ ದೇಶದ ಮುಖ್ಯಸ್ಥ ಮೀಸೆಯಡಿಯಲ್ಲೇ ನಗುತ್ತ ಇವರು ಒಪ್ಪಬಹುದಾದ ಕೊನೆಯ ಅಂಕಿಯನ್ನೇ, ಒಂದು ಬಿಂದಿಗೆ ಹೆಚ್ಚಿಲ್ಲ ಕಡಿಮೆಯಿಲ್ಲ, ಮೇಜಿನ ಮೇಲಿಟ್ಟ. ಎಲ್ಲಿ ಸಿಕ್ಕಿತು ಎಂದು ರಾಯಭಾರಿಗಳು ಕೇಳಿದರೆ, ‘ಮೂಲ ಬಿಟ್ಟುಕೊಡಬಾರ್ದು ಅಂತ ನೀವೇ ಹೇಳ್ಕೊಟ್ಟಿದೀರಲ್ಲ ಸಾರ್’ ಎಂದ. ಎಲ್ಲರೂ ನಕ್ಕರು, ರಾಯಭಾರಿಗಳೂ ನಕ್ಕರು, ಆಮೇಲೆ ನಗು ನಿಲ್ಲಿಸಿ ಈ ಕಡೆ ತಿರುಗಿದರು. ‘ಕಳ್ಕೊಂಡಿದ್ರೆ ದಡ್ಡತನ, ಕೊಟ್ಟಿದ್ರೆ ದ್ರೋಹ. ಯಾವುದು?’ ದಡ್ಡತನ ಸಾರ್, ನನ್ನದು. ಅವಳು ಹೇಳಬೇಕಿದ್ದದ್ದು ಆ ಮೂರೇ ಮಾತು. ಆದರೆ ಆ ವಾರವಷ್ಟೇ ಅವರು ಎಲ್ಲರೆದುರು ಅವಳನ್ನು ಈ ತಂಡದಲ್ಲೇ ಅತ್ಯಂತ ಜಾಗರೂಕ ವಿದ್ಯಾರ್ಥಿನಿ ಎಂದಿದ್ದರು. ಆ ಒಂದು ಮಾತು ಇನ್ನೂ ಬಾಯಲ್ಲಿ ಸಿಹಿಯಾಗಿತ್ತು. ನಿಮ್ಮ ಪ್ರತಿ ತೋರಿಸಿ ಎಂದಾಗ ಇಬ್ಬರೂ ತೋರಿಸಿದರು. ಎರಡೂ ಇದ್ದ ಮೇಲೆ ಇದು ಕಳೆದದ್ದಲ್ಲ, ಯಾರೋ ಕೊಟ್ಟದ್ದು ಎಂದಾಯಿತು. ಅವಳದು ನೆರಳಚ್ಚು ಎಂದು ಯಾರೂ ಗಮನಿಸಲಿಲ್ಲ, ಅವಳ ಪಕ್ಕ ಕೂತವನೊಬ್ಬನನ್ನು ಬಿಟ್ಟು.

ಹಿಂದಿನ ಸಂಜೆ ಅಡಿಟಿಪ್ಪಣಿ ಮೇಲ್ದಂಡೆಯವರ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿದದ್ದನ್ನು ನಾಲ್ಕು ಜನ ಕಂಡಿದ್ದರು. ಯಾವುದೋ ಕಲಮಿನ ಅರ್ಥ ವಿಚಾರಿಸುತ್ತಿದ್ದೆ ಎಂದು ಅವನು ಹೇಳಿದ್ದಕ್ಕೆ ಮತ್ತೆ ನಗು. ಮಧ್ಯಾಹ್ನವೇ ಸುತ್ತೋಲೆ ಹೊರಟಿತು, ಅವನನ್ನು ಕೆಳದಂಡೆಯ ನಿಯೋಗದಿಂದ ಕೈಬಿಡಲಾಗುವುದು, ನಾಲ್ಕು ಗಂಟೆಯೊಳಗೆ ಆಕ್ಷೇಪಣೆ ಇದ್ದರೆ ತಿಳಿಸತಕ್ಕದ್ದು. ದುಂಡುಮೇಜಿನ ಕೋಣೆಯಲ್ಲಿ ಎಲ್ಲರೂ ಏನೋ ಓದುವವರಂತೆ ಕೂತಿದ್ದರು, ಅವನೂ ಕೂತಿದ್ದ. ಗೋಡೆ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಅವಳು ಎದ್ದಳು. ನಿಜವಾಗಿ ಹೇಳಲೆಂದೇ ಎದ್ದಳು, ಇದನ್ನು ಎಂಟು ತಿಂಗಳಲ್ಲಿ ಸಾವಿರ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ಎಲ್ಲರೂ ತಲೆಯೆತ್ತಿ ನೋಡಿದರು. ಅವಳು ಹೋಗಿ ಕಿಟಕಿ ಹಾಕಿ ಬಂದು ಕೂತಳು. ನಾಲ್ಕು ಹೊಡೆಯಿತು. ಅಡಿಟಿಪ್ಪಣಿ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಹಿಂದಕ್ಕಿಟ್ಟು ಹೋದ. ನಿಯೋಗದಲ್ಲಿ ಇಲ್ಲದಿದ್ದರೆ ಆ ಸೆಮಿಸ್ಟರ್ ಪೂರ್ತಿಯಾಗುವುದಿಲ್ಲ, ದ್ರೋಹಿ ಎನಿಸಿಕೊಂಡವನಿಗೆ ಶಿಫಾರಸು ಪತ್ರ ಯಾರು ಕೊಡುತ್ತಾರೆ. ತಿಂಗಳೊಳಗೆ ಕೋರ್ಸೇ ಬಿಟ್ಟ.

ಬಸ್ಸಿಳಿದು ವಿಭಾಗಕ್ಕೆ ಬಂದರೆ ಎಲ್ಲರೂ ಅವಳನ್ನು ಆಗಲೇ ನಾಯಕಿ ಎಂದು ಕರೆಯತೊಡಗಿದ್ದರು. ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಓಡಾಡುವ ಕಾರ್ಯದರ್ಶಿ, ಅವಳದೇ ಕ್ಲಾಸಿನ ಹುಡುಗಿ, ಬಂದು, ‘ಯಾರೂ ಏನೂ ಬರೆದಿಲ್ಲ ಕಣೇ, ಪೂರ್ತಿ ನಿಶ್ಶಬ್ದ’ ಎಂದು ಕಣ್ಣು ಮಿಟುಕಿಸಿದಳು. ಬೆಳಗಿನ ಪಾಠ ನಾಯಕತ್ವದ ಬಗ್ಗೆಯೇ ಇತ್ತು. ನಾಯಕನಾದವನು ಕೆಟ್ಟ ಸುದ್ದಿಯನ್ನು ತಾನೇ ಮೊದಲು ಹೇಳಬೇಕು ಎಂದು ರಾಯಭಾರಿಗಳು ಹೇಳಿದಾಗ ಅವಳು ಅಭ್ಯಾಸಬಲದಿಂದ ಬರೆದುಕೊಂಡಳು. ಆಮೇಲೆ ಆ ಸಾಲನ್ನು ನೋಡಿ ಮೈ ಬಿಸಿಯಾಯಿತು. ಫೋನು ತೊಡೆಯ ಮೇಲಿತ್ತು. ಪ್ರತಿ ಸಲ ಅದು ನಡುಗಿದಾಗಲೂ ಅವಳಿಗೆ ಅವನೇ ಎನ್ನಿಸುತ್ತಿತ್ತು, ಅವನು ಬರೆದಾನೆಂಬ ಹೆದರಿಕೆಯೋ ಬರೆಯಲೆಂಬ ಆಸೆಯೋ ತಿಳಿಯುತ್ತಿರಲಿಲ್ಲ. ಅವನು ಬರೆದುಬಿಡಲಿ. ಈಕೆಯ ಪ್ರತಿ ನೆರಳಚ್ಚಾಗಿತ್ತು ಎಂದು ಒಂದು ಸಾಲು ಬರೆದು ಇಪ್ಪತ್ಮೂರು ಜನಕ್ಕೂ ಕಳಿಸಿಬಿಡಲಿ. ತಾನು ಸಿಕ್ಕಿಬಿದ್ದು ತಲೆ ತಗ್ಗಿಸಿ ಕೂತರೆ ಸಾಕು, ಬಾಯಿ ತೆರೆಯುವ ಕೆಲಸ ತನ್ನದಲ್ಲ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವಳು ಯಾರಿಗೂ ಹೇಳದೆ ಹೊರಗೆ ಬಂದು ಎದುರು ದಿಕ್ಕಿನ ಬಸ್ಸು ಹತ್ತಿದಳು.

ವೀಸಾ ಅರ್ಜಿ ಕೇಂದ್ರದಲ್ಲಿ ಅವನು ಏಳನೆಯ ಕೌಂಟರಿನಲ್ಲಿದ್ದ. ಅದೂ ಅವಳಿಗೆ ತಿಂಗಳುಗಳಿಂದ ಗೊತ್ತು. ಎರಡು ಸಲ ಗಾಜಿನ ಬಾಗಿಲವರೆಗೆ ಬಂದು ಹಿಂತಿರುಗಿದ್ದಳು. ಟೋಕನ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದ ಕಾವಲುಗಾರ, ಯಾವ ದೇಶಕ್ಕೆ ಎಂದು ಕೇಳಿದ. ಅವಳು ಬಾಯಿಗೆ ಬಂದ ದೇಶ ಹೇಳಿ ಚೀಟಿ ಪಡೆದಳು. ಕೂತವರೆಲ್ಲರ ತೊಡೆಯ ಮೇಲೂ ಕಡತ, ಕಡತದೊಳಗೆ ಅವರ ಮದುವೆ, ಜನನ, ಬ್ಯಾಂಕು, ಹಲ್ಲು ಕಾಣದ ಫೋಟೋ. ಅವನು ಒಬ್ಬೊಬ್ಬರ ಅರ್ಜಿಯನ್ನೂ ಪೆನ್ಸಿಲಿನಿಂದ ಗುರುತು ಮಾಡಿ ನಿಧಾನಕ್ಕೆ ತಿದ್ದಿಸುತ್ತಿದ್ದ. ವಯಸ್ಸಾದ ದಂಪತಿಗಳಿಗೆ ಹದಿಮೂರನೆಯ ಪ್ರಶ್ನೆಯನ್ನು ಮೂರು ಸಲ ಬಿಡಿಸಿ ಹೇಳಿದ, ಸಿಟ್ಟಾಗಲಿಲ್ಲ. ಎಲ್ಲಿಯೂ ಹೋಗದವನು ಊರವರನ್ನೆಲ್ಲ ವಿದೇಶಕ್ಕೆ ಕಳಿಸುತ್ತಿದ್ದಾನೆ ಎನ್ನಿಸಿತು ಅವಳಿಗೆ. ಅವಳ ಸಂಖ್ಯೆ ಬಂದಾಗ ಮೂರು ಗಂಟೆ ದಾಟಿತ್ತು. ಅವನು ತಲೆಯೆತ್ತಿದ. ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

‘ಅರ್ಜಿ ಎಲ್ಲಿ?’ ಎಂದ.

‘ಅರ್ಜಿ ಇಲ್ಲ. ನಿನ್ನ ಹತ್ರ ಮಾತಾಡ್ಬೇಕಿತ್ತು. ಇವತ್ತಿನ ಸುತ್ತೋಲೆ ನೋಡಿದ್ಯಾ?’

‘ನೋಡಿದೆ. ಒಳ್ಳೇದಾಯ್ತು.’

‘ನೀನು ಆಕ್ಷೇಪಣೆ ಬರೀಬಹುದು. ಪಟ್ಟೀಲಿ ನೀನಿನ್ನೂ ಇದೀಯ. ನಿಯಮದ ಪ್ರಕಾರ ನಿಂಗೆ ಹಕ್ಕಿದೆ.’ ಗಾಜಿನಲ್ಲಿದ್ದ ರಂಧ್ರಕ್ಕೆ ಬಾಯಿಯಿಟ್ಟು ಮಾತಾಡಬೇಕಾಗಿತ್ತು, ಹಿಂದೆ ಕೂತವರಿಗೆಲ್ಲ ಕೇಳುತ್ತಿತ್ತು. ‘ಆ ಸೂಚನಾಪತ್ರ... ನಾನು ಯಂತ್ರದಲ್ಲಿ ಬಿಟ್ಟಿದ್ದೆ.’

ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ಇಷ್ಟು ದಿನ ಬಸ್ಸಿನಲ್ಲಿ, ಕೊಳಾಯಿಯಲ್ಲಿ ಕೇಳಿದ್ದೆಲ್ಲ ಬರೀ ಅನುಕರಣೆ ಎಂದು ಅವಳಿಗೆ ಆಗ ಗೊತ್ತಾಯಿತು. ‘ನೀನು ಎಲ್ಲಿ ಬಿಟ್ಟಿದ್ದೆ ಅಂತ ಗೊತ್ತಿರ್ಲಿಲ್ಲ. ನೀನು ಅಂತ ಗೊತ್ತಿತ್ತು. ಇದ್ದಿದ್ದೇ ಎರಡು, ನನ್ನದು ನನ್ನ ಜೇಬಲ್ಲಿತ್ತು’ ಎಂದ.

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ನೀನು ಹೇಳ್ತೀಯ ಅಂತ ಕಾದೆ. ಮೂರೂ ಮುಕ್ಕಾಲಿಗೆ ಎದ್ದೆಯಲ್ಲ, ಆಗ ಗ್ಯಾರಂಟಿ ಅಂದ್ಕೊಂಡೆ. ಆಮೇಲೆ ಕಿಟಕಿ ಹಾಕ್ದೆ.’ ಅವನು ಪೆನ್ಸಿಲನ್ನು ಮೇಜಿನ ಮೇಲೆ ಉರುಳಿಸಿ ಮತ್ತೆ ಹಿಡಿದುಕೊಂಡ. ‘ನೋಡು, ಇಲ್ಲಿ ದಿನಾ ಜನ ಬರ್ತಾರೆ, ಸಾರ್ ನೀವೇ ತುಂಬ್ಕೊಡಿ ಅಂತಾರೆ. ತುಂಬೋ ಹಾಗಿಲ್ಲ. ಎಲ್ಲಿ ತುಂಬ್ಬೇಕು ಅಂತ ತೋರಿಸ್ಬಹುದು, ಅಷ್ಟೇ. ನಿಂದನ್ನ ನನ್ನ ಕೈಲಿ ಬರೆಸ್ಬೇಡ.’

ಅವಳು ಇನ್ನೂ ನಿಂತಿದ್ದಳು. ಅವನು ಮುಂದಿನ ಸಂಖ್ಯೆಯ ಗುಂಡಿ ಒತ್ತಿದ, ಒಬ್ಬ ಗರ್ಭಿಣಿ ಪಕ್ಕಕ್ಕೆ ಬಂದು ಸ್ವಲ್ಪ ಸರೀತೀರಾ ಎಂದಳು. ಇವಳು ಸರಿದಳು. ಹೊರಗೆ ಬಿಸಿಲು ಕಣ್ಣಿಗೆ ರಾಚಿತು. ಇಂಥ ಮಾತಿಗಿಂತ ಬೈಗುಳ ಸಿಕ್ಕಿದ್ದರೇ ಚೆನ್ನಾಗಿತ್ತು. ಬೈಸಿಕೊಂಡು ಬರಲೆಂದೇ ಹೋದದ್ದು ತಾನು ಎಂದು ಬಸ್ಸಿನಲ್ಲಿ ಅರ್ಥವಾಗಿ, ಅದಕ್ಕೂ ನಾಚಿಕೆಯಾಯಿತು. ನಾಲ್ಕು ಗಂಟೆ ಸೇತುವೆಯ ಮೇಲೆ, ನಿಂತ ವಾಹನಗಳ ನಡುವೆ ಕಳೆಯಿತು. ಬಾಯಿ ಕಹಿಯಾಯಿತು. ಗುಳಿಗೆ ಚೀಲದಲ್ಲಿತ್ತು, ತೆಗೆಯಲಿಲ್ಲ. ವಿಭಾಗದ ಮೆಟ್ಟಿಲ ಮೇಲೆ ಕೂತು, ಐದಕ್ಕೆ ಎಂಟು ನಿಮಿಷವಿರುವಾಗ ಬರೆದಳು: ಈ ಆಯ್ಕೆಗೆ ನನ್ನ ಆಕ್ಷೇಪಣೆ ಇದೆ. ಕಾರಣವನ್ನು ಸಭೆಯಲ್ಲಿ ತಿಳಿಸುತ್ತೇನೆ. ಕಳಿಸುವ ಗುಂಡಿ ಒತ್ತಿದಳು.

ಆಕ್ಷೇಪಣೆ ಬಂದರೆ ಬರೆದವರು ಎದ್ದು ವಿವರಿಸಬೇಕು ಎಂಬುದೂ ನಿಯಮವೇ. ದುಂಡುಮೇಜಿನ ಸುತ್ತ ಎಲ್ಲರೂ ಸೇರಿದ್ದರು. ತನ್ನ ನೇಮಕಕ್ಕೆ ತಾನೇ ಅಡ್ಡಗಾಲು ಹಾಕಿದವಳನ್ನು ನೋಡುವ ಕುತೂಹಲ ಮುಖಗಳಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅವಳು ನಿಂತು ಹೇಳಿದಳು. ಯಂತ್ರ, ಮುಚ್ಚಳ, ನೆರಳಚ್ಚು, ಕಿಟಕಿ, ಒಂದನ್ನೂ ಬಿಡಲಿಲ್ಲ. ತಾನು ಹೇಡಿಯಾಗಿದ್ದೆ ಎಂದಳು, ಎಂಟು ತಿಂಗಳು ನಿದ್ದೆಯಿಲ್ಲ ಎಂದಳು, ಇಂಥವಳು ಯಾರನ್ನೂ ಮುನ್ನಡೆಸಲು ಯೋಗ್ಯಳಲ್ಲ ಎಂದಳು. ಮುಗಿದ ಮೇಲೆ ರಾಯಭಾರಿಗಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

‘ಮೂವತ್ತು ವರ್ಷದಲ್ಲಿ ಎಷ್ಟೋ ಮೇಜುಗಳ ಸುತ್ತ ಕೂತಿದೀನಿ. ಹೀಗೆ ಎದ್ದು ನಿಂತು, ತಪ್ಪು ನಂದು ಅಂದ ಒಬ್ಬರನ್ನೂ ನೋಡ್ಲಿಲ್ಲ’ ಎಂದರು. ‘ಬೆಳಿಗ್ಗೆ ನಾನು ಹೇಳಿದ್ದು ಇದನ್ನೇ. ನಾಯಕತ್ವ ಅಂದ್ರೆ ಇದು. ಆಕ್ಷೇಪಣೆಯನ್ನ ಗಮನಕ್ಕೆ ತಗೊಳ್ಳೋಣ, ಆಯ್ಕೆ ಹಾಗೇ ಇರ್ಲಿ. ಯಾರದಾದ್ರೂ ಅಭ್ಯಂತರ?’

ಯಾರದೂ ಇರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವನು ಅಂದಿನ ಮೇಲ್ದಂಡೆಯ ಮುಖ್ಯಸ್ಥನೇ. ಆಮೇಲೆ ಎಲ್ಲರೂ ತಟ್ಟಿದರು. ಕಾರ್ಯದರ್ಶಿ ಪೆನ್ನಿನ ಮುಚ್ಚಳವನ್ನು ಬಾಯಿಂದ ತೆಗೆದು, ಆಕ್ಷೇಪಣೆಯನ್ನು ಗಮನಕ್ಕೆ ತೆಗೆದುಕೊಳ್ಳಲಾಯಿತು ಎಂದು ನಡಾವಳಿಯಲ್ಲಿ ಬರೆದಳು. ಇನ್ನೂ ನಿಂತೇ ಇದ್ದ ಅವಳಿಗೆ ಬಾಯಿಯ ಕಹಿ ಹೋಗಿ, ಮೈಯೆಲ್ಲ ಹಗುರಾಗಿ, ನಗು ಬಂತು. ಅದನ್ನು ತಡೆಯಲೂ ಇಲ್ಲ. ಇಷ್ಟು ಸುಲಭವಿತ್ತೇ ಇದು ಎನ್ನಿಸಿತು. ಯಾರೋ ತೋಳು ತಟ್ಟಿದರು, ಯಾರೋ ನಂಗೆ ಕಣ್ಣಲ್ಲಿ ನೀರು ಬಂತು ಕಣೇ ಎಂದರು. ಫೋನು ಮಾಡಿ ಬರುತ್ತೇನೆ ಎಂದು ಅವಳು ಮೊಗಸಾಲೆಗೆ ಬಂದಳು, ಅವನ ಸಂಖ್ಯೆ ಒತ್ತಿದಳು.

‘ಹೇಳ್ದೆ’ ಎಂದಳು, ಅವನು ಹಲೋ ಅನ್ನುವ ಮೊದಲೇ. ‘ಎಲ್ಲಾನೂ ಹೇಳ್ದೆ. ಒಂದೂ ಬಿಡ್ಲಿಲ್ಲ.’

‘ಹೌದಾ. ಏನಂದ್ರು?’

‘ನಂಬಲ್ಲ ನೀನು. ಚಪ್ಪಾಳೆ ತಟ್ಟಿದ್ರು. ನಾಯಕಿ ನಾನೇ ಅಂತೆ.’

ಆ ಕಡೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು, ಕೇಂದ್ರ ಮುಚ್ಚುವ ಹೊತ್ತು.

‘ನನ್ನ ವಿಷಯ ಏನಂದ್ರು?’ ಎಂದ ಅವನು.

ಅವಳು ಸಭೆಯಲ್ಲಿ ನಿಂತು ಆಡಿದ ಮಾತುಗಳನ್ನೆಲ್ಲ ಮೊದಲಿನಿಂದ ಹುಡುಕಿದಳು. ನನ್ನ ತಪ್ಪು, ನನ್ನ ಹೇಡಿತನ, ನನ್ನ ನಿದ್ದೆ. ಅವನನ್ನು ವಾಪಸು ಕರೆಸಬೇಕು ಎಂದು ಯಾರೂ ಕೇಳಿರಲಿಲ್ಲ. ಆ ಸುತ್ತೋಲೆ ರದ್ದಾಗಬೇಕು ಎಂದು ಅವಳೂ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ.

‘ಯಾರೂ ಏನೂ ಅನ್ಲಿಲ್ಲ. ನಾನೂ ಕೇಳ್ಲಿಲ್ಲ’ ಎಂದಳು.

‘ಸರಿ’ ಎಂದ ಅವನು. ‘ಬಾಗಿಲು ಹಾಕ್ತಿದಾರೆ, ಇಡ್ತೀನಿ’ ಎಂದು ಇಟ್ಟ.

ಅವಳು ಕೋಣೆಗೆ ಹಿಂತಿರುಗಿದಾಗ ಎಲ್ಲರೂ ಎದ್ದಿದ್ದರು. ಕೆಲವರು ಚೀಲ ಹೆಗಲಿಗೆ ಹಾಕಿಕೊಂಡಿದ್ದರು, ಒಬ್ಬ ದೀಪ ಆರಿಸುತ್ತಿದ್ದ, ರಾಯಭಾರಿಗಳು ಬಾಗಿಲ ಹತ್ತಿರ ಗಡಿಯಾರ ನೋಡಿಕೊಳ್ಳುತ್ತಿದ್ದರು. ಕಾರ್ಯದರ್ಶಿ ನಡಾವಳಿಯ ಪುಸ್ತಕ ಮುಂದೆ ಹಿಡಿದು, ‘ಇಲ್ಲೊಂದು ಸಹಿ ಹಾಕ್ಬಿಡೇ ನಾಯಕಿ, ಮುಗೀತು’ ಎಂದಳು. ಅವಳು ಪುಸ್ತಕ ತೆಗೆದುಕೊಂಡಳು. ಮಸಿ ಇನ್ನೂ ಹಸಿಯಾಗಿದ್ದ ಸಾಲಿನ ಮೇಲೆ ಅಂಗೈಯಿಟ್ಟು ಅದನ್ನು ಮೇಜಿನ ನಡುವೆ ಇಟ್ಟಳು.

‘ಮುಗಿದಿಲ್ಲ. ಎಂಟು ತಿಂಗಳ ಹಿಂದಿನ ಒಂದು ತೀರ್ಮಾನಕ್ಕೆ ನನ್ನ ಆಕ್ಷೇಪಣೆ ಇದೆ. ಎಲ್ರೂ ಕೂತ್ಕೊಳ್ಳಿ’ ಎಂದಳು.

‘ಅದರ ಗಡುವು ಯಾವಾಗ್ಲೋ ಮುಗಿದಿದೆಯಲ್ಲಮ್ಮ’ ಎಂದರು ರಾಯಭಾರಿಗಳು, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ.

ಯಾರೂ ಕೂರಲಿಲ್ಲ. ತಾವು ಆಗಷ್ಟೇ ಚಪ್ಪಾಳೆ ತಟ್ಟಿದ ಹುಡುಗಿ ಇವಳೇ ಹೌದೇ ಎಂಬಂತೆ ನೋಡುತ್ತಿದ್ದರು. ಅವಳು ಇನ್ನೊಮ್ಮೆ ಹೇಳಿದಳು.